ಹೆಸರಿಲ್ಲದ ವ್ಯೋಮಯಾತ್ರಿಗಳು

ವ್ಯೋಮಕ್ಕೆ ಹೋಗಿ ಬಂದ ಮೊದಲ ಪ್ರಾಣಿ ಯಾವುದೆಂದು ಕೇಳಿದರೆ ಶಾಲೆಯ ಮಕ್ಕಳು ಲೈಕಾ ಎಂಬ ನಾಯಿಯ ಹೆಸರನ್ನು ಹೇಳುವುದುಂಟು. ಈ ಉತ್ತರ ಎರಡು ಬಗೆಯಲ್ಲಿ ತಪ್ಪು. ಲೈಕಾ ಮೊದಲನೆಯದಲ್ಲ; ಅದು ಮರಳಿ ಬರಲೂ ಇಲ್ಲ. 1947ರ ಫೆಬ್ರವರಿ 20ರಂದು ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತದ ವೈಟ್ ಸ್ಯಾಂಡ್ಸ್ ಎಂಬ ಮರಳುಗಾಡಿನಿಂದ, ಯುದ್ಧದಲ್ಲಿ ಸೋತ ಜರ್ಮನಿಯಿಂದ ತಂದಿದ್ದ ವಿ-2 ರಾಕೆಟ್ಟಿನ ತಲೆಯಲ್ಲಿ ಕೆಲವು ಹಣ್ಣಿನ ನೊಣಗಳನ್ನಿರಿಸಿ ಸುಮಾರು 109 ಕಿಲೋಮೀಟರ್ ಎತ್ತರಕ್ಕೆ ಹಾರಿಸಲಾಯಿತು. ಮೇಲಿನ ವಿಕಿರಣವು ಜೀವಕೋಶಗಳಿಗೆ ಏನು ಮಾಡುತ್ತದೆಂದು ತಿಳಿಯುವುದು ಉದ್ದೇಶ. ಪ್ಯಾರಾಚೂಟಿನಲ್ಲಿ ಇಳಿದ ಪೆಟ್ಟಿಗೆಯನ್ನು ತೆರೆದಾಗ ನೊಣಗಳು ಬದುಕಿದ್ದವು. ಅಡಿಗೆಮನೆಯಲ್ಲಿ ಮಾಗಿದ ಬಾಳೆಹಣ್ಣನ್ನು ಮುತ್ತುವ, ಕೈಬೀಸಿ ಓಡಿಸುವ ಆ ಪುಟ್ಟ ನೊಣವೇ ವ್ಯೋಮದಿಂದ ಮರಳಿದ ಮೊದಲ ಜೀವಿ.

ನಾಯಿಯ ಹೆಸರು ಉಳಿಯಿತು, ನೊಣದ ಸುದ್ದಿ ಉಳಿಯಲಿಲ್ಲ. ಲೋಕದ ರೂಢಿಯೇ ಹಾಗೆ. ಆದರೆ ಜಿನಾಗಮದ ಜೀವವಿಚಾರ ಹೆಸರಿನಿಂದ ಆರಂಭವಾಗುವುದಿಲ್ಲ. ಇಂದ್ರಿಯಗಳಿಂದ, ಪ್ರಾಣಗಳಿಂದ ಆರಂಭವಾಗುತ್ತದೆ. ಹುಳು ಎರಡಿಂದ್ರಿಯದ ಜೀವ, ಇರುವೆ ಮೂರಿಂದ್ರಿಯದ್ದು, ನೊಣ ನಾಲ್ಕಿಂದ್ರಿಯದ್ದು. ಮೀನು, ಕಪ್ಪೆ, ಇಲಿ, ನಾಯಿಗಳು ಪಂಚೇಂದ್ರಿಯಗಳು. ಈ ಲೆಕ್ಕವನ್ನು ಕೈಯಲ್ಲಿ ಹಿಡಿದು ನೋಡಿದಾಗ ವ್ಯೋಮಯಾನದ ಚರಿತ್ರೆ ಬೇರೆಯಾಗಿಯೇ ಕಾಣುತ್ತದೆ. ಅಲ್ಲಿ ಎದ್ದು ತೋರುವವರು ಚಂದ್ರನ ಮೇಲೆ ನಡೆದ ವೀರರಲ್ಲ. ಒಪ್ಪಿಗೆ ಕೇಳದೆ ಕಳುಹಿಸಲ್ಪಟ್ಟ ಅಸಂಖ್ಯ ಮೂಕಜೀವಿಗಳು.

ಅವನ್ನು ಕಳುಹಿಸಿದುದಕ್ಕೆ ಕಾರಣವಿರಲಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಭಾರರಹಿತ ಸ್ಥಿತಿಯೆಂದರೆ ಭೂಮಿಯ ಸೆಳೆತವೇ ಇಲ್ಲದ ಸ್ಥಿತಿಯೆಂದು ಹಲವರು ತಿಳಿದಿರುತ್ತಾರೆ. ಹಾಗಲ್ಲ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿಯೂ ಆ ಸೆಳೆತ ನೆಲದ ಮೇಲಿರುವುದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟಿರುತ್ತದೆ. ಹಗ್ಗ ಕಡಿದು ಬಾವಿಗೆ ಬೀಳುತ್ತಿರುವ ಕೊಡದೊಳಗಿನ ನೀರು ಕೊಡದ ತಳವನ್ನು ಒತ್ತುವುದಿಲ್ಲ. ಕೊಡವೂ ನೀರೂ ಒಂದೇ ವೇಗದಲ್ಲಿ ಬೀಳುತ್ತಿರುತ್ತವೆ. ನಿಲ್ದಾಣವೂ ಅದರೊಳಗಿನ ಜೀವವೂ ಭೂಮಿಯ ಸುತ್ತ ಹಾಗೆಯೇ ನಿರಂತರವಾಗಿ ಬೀಳುತ್ತಿರುವುದರಿಂದ ಒಳಗಿರುವವರಿಗೆ ತೂಕವೆಂಬುದು ತಿಳಿಯುವುದಿಲ್ಲ. ಈ ಸ್ಥಿತಿಯನ್ನು ನೆಲದ ಮೇಲೆ ಬಹುಕಾಲ ಉಂಟುಮಾಡಲು ಸಾಧ್ಯವಿಲ್ಲ. ವಿಮಾನವನ್ನು ವಿಶೇಷ ರೀತಿಯಲ್ಲಿ ಏರಿಸಿ ಇಳಿಸಿದರೂ ಒಮ್ಮೆಗೆ ಇಪ್ಪತ್ತು ಇಪ್ಪತ್ತೈದು ಸೆಕೆಂಡುಗಳಷ್ಟೇ ದೊರೆಯುತ್ತದೆ. ಹೀಗಿರಲು, ಅಲ್ಲಿ ಹೃದಯ ಬಡಿಯುವುದೇ, ನುಂಗಿದ ಅನ್ನ ಗಂಟಲಿನಿಂದ ಕೆಳಗಿಳಿಯುವುದೇ ಎಂಬ ಸಂದೇಹ 1950ರ ದಶಕದ ವೈದ್ಯರಿಗೆ ನಿಜವಾಗಿಯೂ ಇತ್ತು. ಮನುಷ್ಯನನ್ನು ಕಳುಹಿಸುವ ಮುನ್ನ ಬೇರೊಂದು ಜೀವವನ್ನು ಮುಂದೊಡ್ಡುವ ಹಳೆಯ ಉಪಾಯವನ್ನು ಅವರು ಹಿಡಿದರು.

ಲೈಕಾ ಮಾಸ್ಕೋ ನಗರದ ಬೀದಿನಾಯಿ. ಸುಮಾರು ಆರು ಕಿಲೋ ತೂಕದ ಹೆಣ್ಣು. ಬೀದಿಯ ನಾಯಿಗಳು ಚಳಿ ಹಸಿವುಗಳನ್ನು ತಾಳಬಲ್ಲವೆಂದು ಅಂಥವನ್ನೇ ಆರಿಸುತ್ತಿದ್ದರು. ಇಕ್ಕಟ್ಟಿಗೆ ಒಗ್ಗಿಸಲೆಂದು ಒಂದಕ್ಕಿಂತ ಒಂದು ಚಿಕ್ಕದಾದ ಪಂಜರಗಳಲ್ಲಿ ಅವನ್ನು ದಿನಗಟ್ಟಲೆ ಕೂಡಿಹಾಕಲಾಗುತ್ತಿತ್ತು. 1957ರ ಅಕ್ಟೋಬರಿನಲ್ಲಿ ಮೊದಲ ಸ್ಪುಟ್ನಿಕ್ ಜಗತ್ತನ್ನು ಬೆರಗುಗೊಳಿಸಿತು. ನವೆಂಬರ್ 7ಕ್ಕೆ ರಷ್ಯದ ಕ್ರಾಂತಿಗೆ ನಲವತ್ತು ವರ್ಷ ತುಂಬುವುದಿತ್ತು. ಅಷ್ಟರೊಳಗೆ ಇನ್ನೊಂದು ಅದ್ಭುತ ನಡೆಯಬೇಕೆಂಬುದು ಆಳುವವರ ಅಪೇಕ್ಷೆ. ನಾಲ್ಕು ವಾರಗಳಿಗೂ ಕಡಮೆ ಅವಧಿಯಲ್ಲಿ ಎರಡನೆಯ ಸ್ಪುಟ್ನಿಕ್ ಸಿದ್ಧವಾಯಿತು. ನವೆಂಬರ್ 3ರಂದು ಮೇಲೇರಿತು. ಉಸಿರಾಡಲು ಗಾಳಿಯ ವ್ಯವಸ್ಥೆಯಿತ್ತು, ಉಣ್ಣಲು ಅಂಬಲಿಯಂತಹ ಆಹಾರವಿತ್ತು, ಹೃದಯದ ಬಡಿತವನ್ನಳೆಯುವ ಸಲಕರಣೆಯಿತ್ತು. ಇಳಿಯುವ ವ್ಯವಸ್ಥೆಯೊಂದು ಇರಲಿಲ್ಲ. ಅದನ್ನು ಮಾಡಲು ಕಾಲವೂ ಇರಲಿಲ್ಲ. ಹಾರಿಕೆಗೆ ಮುನ್ನ ವಿಜ್ಞಾನಿ ಯಾಜ್ದೋವ್‌ಸ್ಕಿಯವರು ಆ ನಾಯಿಯನ್ನು ಮನೆಗೊಯ್ದು ತಮ್ಮ ಮಕ್ಕಳೊಡನೆ ಆಡಲು ಬಿಟ್ಟರಂತೆ. ಅದಕ್ಕೆ ಏನು ಕಾದಿದೆಯೆಂದು ಬಲ್ಲವರ ದಯೆ ಅದು.

ಲೈಕಾ ಹಲವು ದಿನ ಬದುಕಿತ್ತು, ನೋವಿಲ್ಲದೆ ಸತ್ತಿತು ಎಂದು ದಶಕಗಳ ಕಾಲ ಜಗತ್ತಿಗೆ ಹೇಳಲಾಗಿತ್ತು. 2002ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ನಡೆದ ಸಮ್ಮೇಳನದಲ್ಲಿ ರಷ್ಯದ ವಿಜ್ಞಾನಿಯೇ ನಿಜವನ್ನು ಹೊರಗಿಟ್ಟರು. ಕೋಣೆಯ ಶಾಖ ಮಿತಿಮೀರಿ, ಹಾರಿದ ಐದರಿಂದ ಏಳು ಗಂಟೆಗಳೊಳಗೆ ಅದರ ಪ್ರಾಣ ಹೋಗಿತ್ತು. ಸತ್ತ ನಾಯಿಯನ್ನು ಹೊತ್ತ ಉಪಗ್ರಹ 1958ರ ಏಪ್ರಿಲ್ 14ರವರೆಗೆ ಭೂಮಿಯನ್ನು ಸುತ್ತಿ ಉರಿದುಹೋಯಿತು.

ಇಲ್ಲಿ ಜೈನ ಗೃಹಸ್ಥನಿಗೆ ಮನೆಯ ಆಚಾರವೊಂದು ನೆನಪಾಗದಿರದು. ನೀರನ್ನು ಸೋಸಿ ಕುಡಿಯುವ ವ್ರತವುಳ್ಳವರು ಸೋಸಿದಲ್ಲಿಗೇ ಕೆಲಸ ಮುಗಿಯಿತೆಂದು ಭಾವಿಸುವುದಿಲ್ಲ. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ ನೀರಿನಿಂದಲೇ ಜಾಲಿಸಿ, ಯಾವ ಬಾವಿಯ ನೀರೋ ಅದೇ ಬಾವಿಗೆ ಮೆಲ್ಲನೆ ಬಿಡುತ್ತಾರೆ. ಬೇರೆ ಬಾವಿಗೂ ಅಲ್ಲ, ಮೇಲಿನಿಂದ ಸುರಿಯುವುದೂ ಅಲ್ಲ. ಈಗಿನ ನಲ್ಲಿಯ ಮನೆಗಳಲ್ಲಿ ಈ ಆಚಾರ ಬಹುಮಟ್ಟಿಗೆ ಮರೆಯಾಗಿರುವುದು ಬೇರೆ ಮಾತು. ಅದರ ಹಿಂದಿನ ವಿವೇಕ ಮಾತ್ರ ಸ್ಪಷ್ಟ: ಅವಶ್ಯಕತೆಗಾಗಿ ಜೀವವೊಂದನ್ನು ಅದರ ನೆಲೆಯಿಂದ ಎತ್ತಿದವನು ಅದನ್ನು ಮರಳಿ ನೆಲೆಗೆ ಮುಟ್ಟಿಸುವ ಹೊಣೆಯನ್ನೂ ಎತ್ತಿಕೊಂಡಿರುತ್ತಾನೆ. ಸ್ಪುಟ್ನಿಕ್ಕಿನ ಸಾಧಕರು ಎತ್ತಿದರು. ಮರಳಿಸುವುದನ್ನು ಯೋಜನೆಯಲ್ಲಿಯೇ ಸೇರಿಸಲಿಲ್ಲ. ಅಪಘಾತದಿಂದ ಸತ್ತ ಜೀವಕ್ಕೂ ಹೀಗೆ ಸತ್ತ ಜೀವಕ್ಕೂ ಇರುವ ಅಂತರ ಇಷ್ಟೇ, ಆದರೆ ಈ ಅಂತರ ದೊಡ್ಡದು. ಸಂರಂಭ, ಸಮಾರಂಭ, ಆರಂಭ ಎಂದು ಆಗಮವು ಕ್ರಿಯೆಯ ಮೂರು ಹಂತಗಳನ್ನು ಹೇಳುತ್ತದೆ. ಲೈಕಾಳ ಸಾವು ಮೂರನೆಯ ಹಂತದಲ್ಲಿ ನಡೆದುದಲ್ಲ, ಮೊದಲನೆಯದರಲ್ಲಿಯೇ ನಿಶ್ಚಯವಾಗಿತ್ತು.

ಈ ನಾಯಿಗಳನ್ನು ಪಳಗಿಸಿದವರಲ್ಲಿ ಪ್ರಮುಖರಾದ ಓಲೆಗ್ ಗಾಜೆಂಕೊ 1998ರಲ್ಲಿ, ನಾಲ್ಕು ದಶಕಗಳು ಕಳೆದ ಮೇಲೆ, ತಮ್ಮ ಮನಸ್ಸನ್ನು ತೆರೆದಿಟ್ಟರು. ಕಾಲ ಕಳೆದಷ್ಟೂ ತಮ್ಮ ದುಃಖ ಹೆಚ್ಚುತ್ತಿದೆ, ಆ ನಾಯಿಯ ಸಾವಿಗೆ ಸಮನಾದುದೇನನ್ನೂ ಆ ಹಾರಾಟದಿಂದ ಕಲಿಯಲಿಲ್ಲ ಎಂಬುದು ಅವರ ಮಾತಿನ ಸಾರ. ಜೈನರಲ್ಲಿ ಆಲೋಚನೆ ಎಂಬ ಶಬ್ದಕ್ಕೆ ವಿಶೇಷವಾದ ಅರ್ಥವಿದೆ. ಮಾಡಿದ ದೋಷವನ್ನು ಮುಚ್ಚದೆ ಗುರುವಿನ ಮುಂದೆ ನಿವೇದಿಸುವುದು. ಗುರುವೂ ಇಲ್ಲದೆ, ವ್ರತವೂ ಇಲ್ಲದೆ, ಪರದೇಶದ ಒಬ್ಬ ಮುದುಕ ವೈದ್ಯರು ಅದನ್ನು ಮಾಡಿದರು. ತಾವೇ ಸಾಧಿಸಿದ ಕೀರ್ತಿಯನ್ನು ಹೀಗೆ ತೂಗಿ ಹಗುರವೆಂದು ಹೇಳಲು ಸಾಮಾನ್ಯ ಧೈರ್ಯ ಸಾಲದು.

ಹೆಸರಿನ ವಿಷಯಕ್ಕೆ ಮರಳಿದರೆ, ಹೆಸರಿಡದಿರುವುದೂ ಒಂದು ಉಪಾಯವಾಗಿತ್ತೆಂದು ತಿಳಿಯುತ್ತದೆ. 1961ರ ಜನವರಿ 31ರಂದು ಅಮೆರಿಕದವರು ಒಂದು ಚಿಂಪಾಂಜಿಯನ್ನು ಹಾರಿಸಿದರು. ಹಾರುವಾಗ ಅದು 65ನೆಯ ಸಂಖ್ಯೆಯ ಪ್ರಾಣಿ ಮಾತ್ರ. ಬದುಕಿ ಮರಳಿದ ಮೇಲೆಯೇ ಅದಕ್ಕೆ ಹ್ಯಾಮ್ ಎಂಬ ಹೆಸರು ಬಂದಿತು. ಸತ್ತರೆ ಹೆಸರಿದ್ದ ಪ್ರಾಣಿಗಾಗಿ ಜನ ಮರುಗಿಯಾರೆಂಬ ಅಳುಕು ಅಧಿಕಾರಿಗಳಿಗಿತ್ತು. 1963ರ ಅಕ್ಟೋಬರ್ 18ರಂದು ಫ್ರಾನ್ಸಿನವರು ಅಲ್ಜೀರಿಯದ ಮರುಭೂಮಿಯಿಂದ ಬೆಕ್ಕೊಂದನ್ನು ಹಾರಿಸಿದರು. ನೋಡಿಕೊಳ್ಳುವವರಿಗೆ ಮಮತೆ ಹುಟ್ಟಬಾರದೆಂದು ಆ ಬೆಕ್ಕುಗಳಿಗೂ ಹೆಸರಿಟ್ಟಿರಲಿಲ್ಲ. ಮೆದುಳಿನಲ್ಲಿ ವಿದ್ಯುತ್ತಂತಿಗಳನ್ನು ಹೂತಿದ್ದ ಆ ಬೆಕ್ಕು ಸುಮಾರು ಐದು ನಿಮಿಷ ಭಾರರಹಿತ ಸ್ಥಿತಿಯಲ್ಲಿದ್ದು ಜೀವಂತವಾಗಿ ಮರಳಿತು. ಪತ್ರಿಕೆಗಳು ಹೆಸರಿಟ್ಟವು, ಫೆಲಿಸೆಟ್ ಎಂದಾಯಿತು. ಸುಮಾರು ಎರಡು ತಿಂಗಳ ಅನಂತರ ಮೆದುಳನ್ನು ಪರೀಕ್ಷಿಸಲೆಂದು ಅದನ್ನು ಕೊಂದರು. ಅಕ್ಟೋಬರ್ 24ರಂದು ಕಳುಹಿಸಿದ ಇನ್ನೊಂದು ಬೆಕ್ಕು ಮರಳಿ ಬದುಕಲಿಲ್ಲ. ಅದಕ್ಕೆ ಇಂದಿಗೂ ಹೆಸರಿಲ್ಲ. ಮಮತೆ ಹುಟ್ಟೀತೆಂಬ ಭಯವೇ, ಮಾಡುತ್ತಿರುವ ಕೆಲಸದ ಸ್ವರೂಪವನ್ನು ಮಾಡುವವರ ಮನಸ್ಸು ಬಲ್ಲದು ಎಂಬುದಕ್ಕೆ ಸಾಕ್ಷಿಯಲ್ಲವೇ?

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರ ಹೇಳುತ್ತದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಅತಿಯಾದ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಪಾಠಶಾಲೆಯ ಮಕ್ಕಳು ಕಂಠಪಾಠ ಮಾಡುವ ಈ ಪಟ್ಟಿ ಎತ್ತು ಕತ್ತೆಗಳ ಕಾಲದ್ದೆಂದು, ಟ್ರ್ಯಾಕ್ಟರು ಬಂದ ಮೇಲೆ ಅದಕ್ಕೆ ವಿಷಯವೇ ಇಲ್ಲವೆಂದು ಕೆಲವರು ಭಾವಿಸಿದ್ದಾರೆ. ಎರಡನೆಯದಾದ ವಧ ಎಂಬ ಶಬ್ದಕ್ಕೆ ಇಲ್ಲಿ ಕೊಲ್ಲುವುದೆಂಬ ಅರ್ಥವಲ್ಲವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ತಿಳಿಸಿದ್ದಾರೆ. ಕೋಲು ಚಾವಟಿಗಳಿಂದ ಹೊಡೆಯುವುದು ಎಂದು ಅರ್ಥ, ಏಕೆಂದರೆ ಕೊಲ್ಲುವುದನ್ನು ವ್ರತಿಯು ಮೊದಲೇ ಬಿಟ್ಟಿರುತ್ತಾನೆ. ಅಂದರೆ ಈ ಐದೂ ಬದುಕಿರುವ ಪ್ರಾಣಿಯನ್ನು ಕುರಿತವು. ಸಾಯಿಸಲಿಲ್ಲವಲ್ಲ ಎಂಬ ಸಮಾಧಾನಕ್ಕೆ ಆಚಾರ್ಯರು ಎಡೆ ಕೊಟ್ಟಿಲ್ಲ.

ಹ್ಯಾಮ್ ಎಂಬ ಚಿಂಪಾಂಜಿ ದೀಪ ಉರಿದೊಡನೆ ಸರಿಯಾದ ಹಿಡಿಯನ್ನು ಒತ್ತದಿದ್ದರೆ ಅದರ ಅಂಗಾಲಿಗೆ ವಿದ್ಯುತ್ತಿನ ಪೆಟ್ಟು ಬೀಳುತ್ತಿತ್ತು. ಅದೇ ವರ್ಷದ ನವೆಂಬರಿನಲ್ಲಿ ಭೂಮಿಯನ್ನು ಎರಡು ಸುತ್ತು ಹಾಕಿದ ಇನೋಸ್ ಎಂಬ ಇನ್ನೊಂದು ಚಿಂಪಾಂಜಿಗೆ, ಯಂತ್ರ ಕೆಟ್ಟುದರಿಂದ, ಸರಿಯಾಗಿ ಒತ್ತಿದಾಗಲೂ ಪೆಟ್ಟು ಬಿದ್ದಿತು. ಚಾವಟಿಗೆ ಕೈ ಬೇಕಿಲ್ಲವಾದಾಗ ಹೊಡೆಯುವವನಿಗೆ ಕನಿಕರ ಹುಟ್ಟುವ ಅವಕಾಶವೂ ತಪ್ಪುತ್ತದೆ. ನ್ಯಾಯವಾದುದಕ್ಕಿಂತ ಹೆಚ್ಚಿನ ಭಾರ ಎಂಬ ಮಾತಂತೂ ಈ ವಿದ್ಯೆಯಲ್ಲಿ ಅಕ್ಷರಶಃ ನಿಜವಾಗುತ್ತದೆ. ಭಾರವಿಲ್ಲದ ಲೋಕದ ಬಾಗಿಲಲ್ಲಿ ಅತಿಭಾರವೇ ನಿಂತಿದೆ: ರಾಕೆಟ್ ಏರುವಾಗಲೂ ಮರಳಿ ವಾಯುಮಂಡಲವನ್ನು ಹೊಗುವಾಗಲೂ ದೇಹದ ತೂಕ ಹಲವು ಪಟ್ಟಾಗುತ್ತದೆ. ಹ್ಯಾಮ್ ಇಳಿಯುವಾಗ ತನ್ನ ತೂಕದ ಹದಿನಾಲ್ಕು ಪಟ್ಟಿಗೂ ಮಿಕ್ಕ ಭಾರವನ್ನು ಹೊತ್ತಿತ್ತು.

ಕಪ್ಪೆಗಳ ಕಥೆ ಇವೆಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವಂಥದು, ಬಹುಜನ ಕೇಳದಿರುವಂಥದೂ ಹೌದು. ಕಿವಿಯ ಒಳಗೆ ಸಣ್ಣ ಹರಳುಗಳಿರುವ ಒಂದು ಅಂಗವಿದೆ. ಮೇಲು ಕೆಳಗುಗಳ ಅರಿವು ದೇಹಕ್ಕೆ ಅದರಿಂದ ಬರುತ್ತದೆ. ವ್ಯೋಮದಲ್ಲಿ ಆ ಹರಳುಗಳಿಗೆ ತೂಕವಿಲ್ಲದೆ ಯಾತ್ರಿಕರಿಗೆ ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ. ಕಪ್ಪೆಯ ಕಿವಿಯಲ್ಲಿಯೂ ಅಂಥದೇ ರಚನೆಯಿರುವುದರಿಂದ 1970ರ ನವೆಂಬರ್ 9ರಂದು ಅಮೆರಿಕದ ನಾಸಾ ಸಂಸ್ಥೆ ಎರಡು ದೊಡ್ಡ ಜಾತಿಯ ಕಪ್ಪೆಗಳನ್ನು ನೀರು ತುಂಬಿದ ಡಬ್ಬಿಯಲ್ಲಿಟ್ಟು ಕಕ್ಷೆಗೆ ಕಳುಹಿಸಿತು. ಕಿವಿಯ ನರಕ್ಕೆ ಸೂಕ್ಷ್ಮವಾದ ತಂತಿಗಳನ್ನು ಜೋಡಿಸಲಾಗಿತ್ತು. ಕಪ್ಪೆ ಅಲುಗಿದರೆ ತಂತಿ ಕಳಚೀತೆಂದು ಕೈಕಾಲುಗಳನ್ನು ಆಡಿಸುವ ನರಗಳನ್ನು ಮೊದಲೇ ಕತ್ತರಿಸಿದ್ದರು. ಕೆಲವು ದಿನಗಳಲ್ಲಿ ನರದ ಸಂಕೇತಗಳು ಸಹಜಸ್ಥಿತಿಗೆ ಮರಳಿದುವೆಂದು, ಅಂದರೆ ದೇಹವು ಭಾರವಿಲ್ಲದ ಸ್ಥಿತಿಗೂ ಒಗ್ಗಿಕೊಳ್ಳುವುದೆಂದು ತಿಳಿದುಬಂದಿತು. ಉಪಯುಕ್ತವಾದ ತಿಳಿವಳಿಕೆಯೇ. ಆದರೆ ಅದಕ್ಕೂ ಒಂಬತ್ತು ವರ್ಷಗಳ ಹಿಂದಿನಿಂದ ಮನುಷ್ಯರು ಕಕ್ಷೆಗೆ ಹೋಗಿ ಬರುತ್ತಿದ್ದರು, ತಲೆಸುತ್ತು ಬಂದುದನ್ನೂ ಅದು ಕೆಲವು ದಿನಗಳಲ್ಲಿ ಶಮನವಾದುದನ್ನೂ ಬಾಯಿಬಿಟ್ಟು ಹೇಳುತ್ತಿದ್ದರು. ಬಂಧನ, ಛೇದನ ಎರಡೂ ಆ ಪುಟ್ಟ ಡಬ್ಬಿಯೊಳಗೆ ಸೇರಿದ್ದುವು. ಮರಳಿ ತರುವ ಏರ್ಪಾಡು ಅಲ್ಲಿಯೂ ಇರಲಿಲ್ಲ.

ಇದಕ್ಕೆ ಒಂದು ಉತ್ತರವುಂಟು. ಅದನ್ನು ಹೇಳುವವರು ಸಮಾಜದ ಹೊರಗಿನವರಷ್ಟೇ ಅಲ್ಲ, ವೈದ್ಯರೂ ಇಂಜಿನಿಯರರೂ ಆದ ಶ್ರಾವಕರೂ ಹೇಳುತ್ತಾರೆ. ಗೃಹಸ್ಥನು ಬಿಡಬೇಕಾದುದು ಸಂಕಲ್ಪೀ ಹಿಂಸೆ. ಅಡಿಗೆಯ, ಕೃಷಿಯ, ವೃತ್ತಿಯ ಹಿಂಸೆ ಅವನಿಗೆ ಪೂರ್ತಿಯಾಗಿ ತಪ್ಪದು. ವಿಜ್ಞಾನಿಯ ಪ್ರಯೋಗಾಲಯವೂ ಒಂದು ಉದ್ಯೋಗ, ಅಲ್ಲಿ ಆಗುವುದೂ ಉದ್ಯೋಗೀ ಹಿಂಸೆಯೇ ಅಲ್ಲವೇ ಎಂದು. ಮಾತು ಚುರುಕಾಗಿದೆ, ಆದರೆ ನಿಲ್ಲುವುದಿಲ್ಲ. ರೈತ ನೆಲವನ್ನು ಉಳುವುದು ಬೆಳೆಗಾಗಿ. ನೇಗಿಲಿಗೆ ಸಿಕ್ಕ ಹುಳು ಅವನಿಗೆ ಬೇಕಾದುದಲ್ಲ. ಹುಳುವಿಲ್ಲದ ಹೊಲ ದೊರೆತರೆ ಅವನು ಸಂತೋಷಪಡುವನು. ಪ್ರಯೋಗಶಾಲೆಯಲ್ಲಿ ಬೇಕಾದುದೇ ಆ ಪ್ರಾಣಿ. ಅದರ ದೇಹಕ್ಕೆ ಆಗುವ ಕೇಡೇ ಅಲ್ಲಿಯ ಬೆಳೆ. ಆದುದರಿಂದ ಅದು ಸಂಕಲ್ಪದಿಂದ ಆದುದೆಂದೇ ಹೇಳಬೇಕಾಗುತ್ತದೆ.

ಹಾಗೆಂದು ಹೇಳಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಕೃತ, ಕಾರಿತ, ಅನುಮೋದಿತ ಎಂದು ಕರ್ತೃತ್ವಕ್ಕೆ ಮೂರು ಬಾಗಿಲುಗಳಿವೆ. ಭಾರರಹಿತ ಸ್ಥಿತಿಯಲ್ಲಿ ಎಲುಬು ಬೇಗ ಸವೆಯುತ್ತದೆ. ಸೊಂಟದ ಎಲುಬು ತಿಂಗಳಿಗೆ ನೂರಕ್ಕೆ ಒಂದು ಪಾಲಿಗೂ ಹೆಚ್ಚು ಸಾಂದ್ರತೆಯನ್ನು ಕಳೆದುಕೊಳ್ಳುತ್ತದೆ. ಮುಪ್ಪಿನಲ್ಲಿ ವರ್ಷಗಟ್ಟಲೆ ನಡೆಯುವುದು ಅಲ್ಲಿ ವಾರಗಳಲ್ಲಿ ನಡೆಯುವುದರಿಂದ, 2001ರ ಡಿಸೆಂಬರಿನಲ್ಲಿ ಎಲುಬಿನ ಸವೆತವನ್ನು ತಡೆಯುವ ಪ್ರೋಟೀನೊಂದನ್ನು ಪರೀಕ್ಷಿಸಲು 24 ಇಲಿಗಳನ್ನು ಅಮೆರಿಕದ ಶಟಲ್ ನೌಕೆಯಲ್ಲಿ ಕಳುಹಿಸಲಾಯಿತು. ಎಲುಬು ಸವೆಯುವ ಅದೇ ಕ್ರಮವನ್ನು ತಡೆಯುವ ಡೆನೋಸುಮ್ಯಾಬ್ ಎಂಬ ಚುಚ್ಚುಮದ್ದು 2010ರಿಂದ ಬಳಕೆಯಲ್ಲಿದೆ. ಸೊಂಟದ ಎಲುಬು ಮುರಿದೀತೆಂಬ ಭಯದಿಂದ ವೈದ್ಯರು ಹೇಳಿದ ಮದ್ದನ್ನು ತೆಗೆದುಕೊಳ್ಳುವ ಅಜ್ಜಿ ಯಾವ ಮನೆಯಲ್ಲಿಲ್ಲ? ಆಲೂಗಡ್ಡೆ ಬೆಳ್ಳುಳ್ಳಿಗಳನ್ನು ಜೀವಮಾನದಲ್ಲಿ ಮುಟ್ಟದ, ಸೂರ್ಯಾಸ್ತದ ಮೇಲೆ ನೀರನ್ನೂ ಬಿಟ್ಟ ಆಕೆಯ ಮದ್ದಿನ ಹಿಂದೆ ಎಷ್ಟು ಇಲಿಗಳಿವೆಯೆಂದು ಯಾರೂ ಆಕೆಗೆ ಹೇಳುವುದಿಲ್ಲ. ಹೇಳುವುದು ಕ್ರೌರ್ಯವಾದೀತು. ಆದರೆ ಮದ್ದನ್ನು ತಂದುಕೊಡುವ ಮಗನಾದರೂ ತಿಳಿದಿರಬೇಡವೇ? ಮದ್ದು ಬಿಡುವುದು ಧರ್ಮವೆಂದು ಯಾವ ವಿವೇಕಿಯೂ ಹೇಳನು. ಫಲವನ್ನು ಉಂಡು ಮರವನ್ನು ಅರಿಯೆನೆನ್ನುವುದು ಮಾತ್ರ ಶ್ರಾವಕನಿಗೆ ಒಪ್ಪುವ ಮಾತಲ್ಲ.

ಹಿಂಸೆಯ ಲಕ್ಷಣದಲ್ಲಿ ಪ್ರಮಾದಕ್ಕೆ ಮೊದಲ ಸ್ಥಾನವಿದೆ. ಎಚ್ಚರದಿಂದ ನಡೆಯುವವನಿಗೂ ಎಚ್ಚರಗೇಡಿಗೂ ಹೊರಗಿನ ಫಲ ಒಂದೇ ಆದರೂ ಒಳಗಿನ ಬಂಧ ಒಂದೇ ಅಲ್ಲ. ಈ ಅಳತೆಗೋಲಿನಿಂದ ಈಚಿನ ದಶಕಗಳನ್ನು ನೋಡಬಹುದು. 1996ರ ಡಿಸೆಂಬರಿನಲ್ಲಿ ರಷ್ಯದ ಬಯಾನ್ ಉಪಗ್ರಹದಲ್ಲಿ ಎರಡು ಕೋತಿಗಳು ಹೋಗಿ ಎರಡು ವಾರಗಳ ಮೇಲೆ ಕ್ಷೇಮವಾಗಿ ಇಳಿದುವು. ಮರುದಿನ ಮಾಂಸದ ಚೂರನ್ನು ತೆಗೆಯಲೆಂದು ಅರಿವಳಿಕೆ ಕೊಟ್ಟಾಗ ಮುಲ್ತಿಕ್ ಎಂಬುದು ಸತ್ತಿತು. ಜನರ ಆಕ್ಷೇಪ ಮೊದಲೇ ಇತ್ತು; ಆ ಸಾವಿನ ನಂತರ, 1997ರಲ್ಲಿ, ನಾಸಾ ಆ ಕೋತಿಗಳ ಪ್ರಯೋಗದಿಂದ ಹಿಂದೆ ಸರಿಯಿತು. 1998ರ ನ್ಯೂರೋಲ್ಯಾಬ್ ಯಾನದಲ್ಲಿ ತಾಯಿಯಿಲಿಗಳೊಡನೆ ಕಳುಹಿಸಿದ ಎಳೆಯ ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು, ತಾಯಂದಿರು ಪೋಷಿಸದೆ ಸತ್ತುವು. ಯಾತ್ರಿಗಳಲ್ಲಿ ಒಬ್ಬರು ಪಶುವೈದ್ಯರಿದ್ದರು, ಉಳಿದ ಮರಿಗಳಿಗೆ ಕೈಲಾದ ಶುಶ್ರೂಷೆ ನಡೆಯಿತು. ತೇಲಾಡುವ ಪಂಜರದಲ್ಲಿ ತಾಯಿ ಮರಿಯನ್ನು ಒಡಲಿಗೆ ಒತ್ತಿ ಮಲಗುವುದು ಹೇಗೆಂಬುದನ್ನು ನೆಲದ ಮೇಲೆ ಯಾರೂ ಸಾಕಷ್ಟು ಯೋಚಿಸಿರಲಿಲ್ಲ. 2013ರಲ್ಲಿ ರಷ್ಯದವರು ಒಂದು ತಿಂಗಳ ಕಾಲ ಕಳುಹಿಸಿದ 45 ಇಲಿಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಜರ್ಬಿಲ್ ಎಂಬ ಇಲಿಜಾತಿಯ ಎಂಟು ಪ್ರಾಣಿಗಳು ಅಷ್ಟೂ, ಮುಖ್ಯವಾಗಿ ಸಲಕರಣೆಗಳ ದೋಷದಿಂದ ಅಳಿದುವು. ಮರುವರ್ಷ ಭಾರರಹಿತ ಸ್ಥಿತಿಯಲ್ಲಿ ಸಂತಾನವಾಗುವುದೇ ಎಂದು ನೋಡಲು ಐದು ಹಲ್ಲಿಗಳನ್ನು ಕಳುಹಿಸಿ, ಇಳಿದ ಪೆಟ್ಟಿಗೆ ತೆರೆದಾಗ ಐದೂ ಸತ್ತಿದ್ದುವು. ಜೊತೆಗಿದ್ದ ಹಣ್ಣಿನ ನೊಣಗಳು ಮಾತ್ರ ಬದುಕಿದ್ದುವು.

ಇದರ ಪಕ್ಕದಲ್ಲಿ 2016ರ ಜಪಾನಿನ ಪ್ರಯೋಗವನ್ನಿಟ್ಟು ನೋಡಬೇಕು. ಹನ್ನೆರಡು ಇಲಿಗಳನ್ನು ನಿಲ್ದಾಣಕ್ಕೆ ಕಳುಹಿಸಿ 35 ದಿನ ಒಂದೊಂದನ್ನೂ ಬೇರೆ ಬೇರೆ ಗೂಡಿನಲ್ಲಿ ಸಾಕಿದರು. ಆರು ಗೂಡುಗಳನ್ನು ತಿರುಗಿಸುತ್ತ ಕೃತಕವಾಗಿ ಭೂಮಿಯ ತೂಕವನ್ನೇ ಉಂಟುಮಾಡಿದ್ದರು. ಹನ್ನೆರಡೂ ಜೀವಂತವಾಗಿ ಮರಳಿದುವು. ಎಚ್ಚರ ಸಾಧ್ಯವಿತ್ತೆಂದು, ಹಿಂದಿನ ಎಷ್ಟೋ ಸಾವುಗಳು ಅನಿವಾರ್ಯವಾಗಿರಲಿಲ್ಲವೆಂದು ಇದರಿಂದ ತಿಳಿಯುತ್ತದೆ. ಮರಳಿದ ಮೇಲೆ ಅವನ್ನು ಕೊಂದು ಅಂಗಾಂಗಗಳನ್ನು ಪರೀಕ್ಷಿಸಿದರೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಯತ್ನಾಚಾರವು ಹಿಂಸೆಯನ್ನು ಕಡಮೆ ಮಾಡಿತು, ಇಲ್ಲವಾಗಿಸಲಿಲ್ಲ.

ಪರರ ದೇಹದ ಬದಲು ತನ್ನ ದೇಹವನ್ನೇ ಒಡ್ಡಿದವರೂ ಇದ್ದಾರೆ. ರಷ್ಯದ ವೈದ್ಯ ವಲೇರಿ ಪೊಲ್ಯಾಕೋವ್ 1994ರ ಜನವರಿ 8ರಂದು ಮೀರ್ ನಿಲ್ದಾಣಕ್ಕೆ ಹೊರಟು 437 ದಿನಗಳನ್ನು ಅಲ್ಲಿ ಕಳೆದರು. ದೀರ್ಘಕಾಲದ ಯಾನವನ್ನು ಮನುಷ್ಯದೇಹ ತಾಳಬಲ್ಲುದೇ ಎಂಬುದನ್ನು ತಮ್ಮ ಎಲುಬು, ಸ್ನಾಯು, ಮನಸ್ಸುಗಳ ಮೇಲೆಯೇ ಪರೀಕ್ಷಿಸಿಕೊಂಡರು. 1995ರ ಮಾರ್ಚಿನಲ್ಲಿ ಇಳಿದಾಗ ಎತ್ತಿಕೊಂಡು ಹೋಗಲು ಬಂದವರನ್ನು ಬಿಟ್ಟು ಕುರ್ಚಿಯವರೆಗೆ ತಾವೇ ನಡೆದರು. ನೆಲದ ಮೇಲೆಯೂ ಇಂಥವರಿದ್ದಾರೆ; ತಲೆಯ ಕಡೆ ಆರು ಡಿಗ್ರಿ ತಗ್ಗಿಸಿದ ಮಂಚದ ಮೇಲೆ ವಾರಗಟ್ಟಲೆ ಏಳದೆ ಮಲಗಿ ಎಲುಬಿನ ಸವೆತವನ್ನು ಅಳೆಯಲು ಒಪ್ಪಿದ ಸ್ವಯಂಸೇವಕರು. ಕಷ್ಟವನ್ನು ತಿಳಿದು, ಒಪ್ಪಿ, ಬೇಕಾದಾಗ ಬಿಡುವ ಸ್ವಾತಂತ್ರ್ಯವಿದ್ದೂ ಸಹಿಸುವುದು ಪರೀಷಹಜಯದ ಹತ್ತಿರಕ್ಕೆ ಬರುತ್ತದೆ. ಇಲಿಗೆ ಈ ಮೂರರಲ್ಲಿ ಒಂದೂ ಇಲ್ಲ. 2018ರಿಂದೀಚೆಗೆ ಮನುಷ್ಯರ ಜೀವಕೋಶಗಳನ್ನೇ ಬೆರಳಗಲದ ಫಲಕಗಳಲ್ಲಿ ಬೆಳೆಸಿ ನಿಲ್ದಾಣಕ್ಕೆ ಕಳುಹಿಸುತ್ತಿದ್ದಾರೆ. ದಾರಿಗಳು ಮುಚ್ಚಿಲ್ಲ. ಆದರೂ 2025ರ ಆಗಸ್ಟಿನಲ್ಲಿ ರಷ್ಯ ಮತ್ತೆ 75 ಇಲಿಗಳನ್ನು ಮೂವತ್ತು ದಿನಗಳ ಯಾನಕ್ಕೆ ಕಳುಹಿಸಿತು.

ಇದೆಲ್ಲ ದೂರದ ದೇಶಗಳ ಮಾತೆಂದು ಕನ್ನಡ ನಾಡಿನ ಶ್ರಾವಕರು ತಿಳಿಯುವಂತಿಲ್ಲ. ಭಾರತವು ತನ್ನ ಗಗನಯಾನಕ್ಕೆ ಸಿದ್ಧವಾಗುವಾಗ ನಾಯಿ ಕೋತಿಗಳನ್ನು ಮುಂದೊಡ್ಡದೆ ವ್ಯೋಮಮಿತ್ರ ಎಂಬ ಮಾನವಾಕೃತಿಯ ಯಂತ್ರವನ್ನು ಕಳುಹಿಸುವ ನಿಶ್ಚಯ ಮಾಡಿತು. 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅದನ್ನು ಜನರಿಗೆ ತೋರಿಸಲಾಯಿತು. ಈ ಸುದ್ದಿಯನ್ನು ಓದಿದವರಿಗೆ ಜನ್ನನ ಯಶೋಧರ ಚರಿತೆ ನೆನಪಿಗೆ ಬರುವುದು ಸಹಜ. 1209ರಲ್ಲಿ ರಚಿತವಾದ ಆ ಕಾವ್ಯದಲ್ಲಿ ಯಶೋಧರನೂ ಅವನ ತಾಯಿಯೂ ಬಲಿಕೊಟ್ಟುದು ಜೀವವಿರುವ ಕೋಳಿಯನ್ನಲ್ಲ, ಹಿಟ್ಟಿನ ಹುಂಜವನ್ನು. ಆದರೂ ಕೊಲ್ಲುವ ಸಂಕಲ್ಪವಿದ್ದುದರಿಂದ ಭವಭವಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ತೊಳಲಿದರು. ಅಲ್ಲಿ ಬೊಂಬೆಯ ಹಿಂದೆ ಕೊಲ್ಲುವ ಮನಸ್ಸಿತ್ತು. ಇಲ್ಲಿ ಪ್ರಾಣಿಯೊಂದರ ಎಡೆಯಲ್ಲಿ ಬೊಂಬೆಯನ್ನು ಕೂರಿಸಿದ ಮನಸ್ಸಿನಲ್ಲಿ ದಯೆಯೊಂದೇ ಇತ್ತೆಂದು ಹೇಳಲಾಗದು. ಯಂತ್ರವೇ ಹೆಚ್ಚು ಉಪಯುಕ್ತವೆಂಬ ಲೆಕ್ಕವೂ ಇದ್ದಿರಬೇಕು. ಇದ್ದರೂ ಆ ನಿರ್ಣಯವನ್ನು ಮೆಚ್ಚದಿರಲು ಕಾರಣವಿಲ್ಲ. ಅನುಮೋದನೆಗೆ ಒಳ್ಳೆಯ ಪ್ರಯೋಜನವೂ ಉಂಟು.

ಆದರೆ ಲೆಕ್ಕ ನಾಯಿ ಕೋತಿಗಳಿಗೆ ನಿಲ್ಲುವುದಿಲ್ಲ. ಅದೇ ಗಗನಯಾನಕ್ಕಾಗಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಹಣ್ಣಿನ ನೊಣಗಳ ಪೆಟ್ಟಿಗೆಯೊಂದನ್ನು ಸಿದ್ಧಪಡಿಸಿದ ಸುದ್ದಿ 2024ರಲ್ಲಿ ಪ್ರಕಟವಾಯಿತು. ವ್ಯೋಮಯಾತ್ರಿಗಳಿಗೆ ಮೂತ್ರಪಿಂಡದಲ್ಲಿ ಕಲ್ಲಾಗುವ ತೊಂದರೆಯುಂಟು; ಅದರ ಬಗೆಯನ್ನು ನೊಣಗಳಲ್ಲಿ ಅರಿಯುವ ಉದ್ದೇಶ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ನಿಲ್ದಾಣಕ್ಕೆ ಹೋದಾಗ ಅಲ್ಲಿ ನಡೆಸಿದ ಭಾರತೀಯ ಪ್ರಯೋಗಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಟಾರ್ಡಿಗ್ರೇಡ್‌ಗಳ ಪ್ರಯೋಗವೂ ಒಂದು. ನೀರುಕರಡಿಯೆಂದು ಕರೆಯುವ, ಎಂಟು ಕಾಲುಗಳ, ಬರಿಗಣ್ಣಿಗೆ ಕಾಣದಂಥ ಈ ಜೀವಿಗಳು ಒಣಗಿದರೆ ಸತ್ತಂತೆ ಮುದುಡಿ, ನೀರು ತಗುಲಿದೊಡನೆ ಮರಳಿ ಚೇತರಿಸಿಕೊಳ್ಳುತ್ತವೆ. 2007ರಲ್ಲಿ ಹತ್ತು ದಿನ ಬಯಲು ವ್ಯೋಮಕ್ಕೆ ಒಡ್ಡಿದಾಗಲೂ ಕೆಲವು ಬದುಕಿ ಬಂದಿದ್ದುವು. ಅವು ಇರುವುದು ಗೋಡೆಯ ಪಾಚಿಯಲ್ಲಿ, ಕೆರೆಕುಂಟೆಗಳ ನೀರಿನಲ್ಲಿ. ನೀರು ಸೋಸುವ ಬಟ್ಟೆಯನ್ನು ಹಿರಿಯರು ಎರಡು ಮಡಿಕೆ ಮಾಡುತ್ತಿದ್ದುದು ಇಂಥ ಜೀವಗಳಿಗಾಗಿಯೇ.

ಬಸದಿಗಳ ಟ್ರಸ್ಟುಗಳು ವಿಜ್ಞಾನ ಓದುವ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತವೆ, ಕೊಡುವುದು ಯೋಗ್ಯವೂ ಹೌದು. ಆ ಮಕ್ಕಳಲ್ಲಿ ಒಬ್ಬಳು ನೊಣಗಳ ಮೇಲೆ, ಇಲಿಗಳ ಮೇಲೆ ಕೆಲಸ ಮಾಡಬೇಕಾಗಿ ಬಂದು, ಮಾಡಲೇ ಎಂದು ಹಿರಿಯರನ್ನು ಕೇಳಿದರೆ, ಬೇಡವೆಂದು ಗದರಿಸುವುದು ಒಂದು ಉತ್ತರ, ಕೇಳಿಸದಂತೆ ಇರುವುದು ಇನ್ನೊಂದು. ಎರಡೂ ಸುಲಭ. ಎಷ್ಟು ಜೀವಗಳು ಬೇಕು, ಅಷ್ಟೇಕೆ ಬೇಕು, ಇದು ಮೊದಲೇ ತಿಳಿದ ವಿಷಯವಲ್ಲವೇ, ನೋವು ತಗ್ಗಿಸಲು ಏನು ಮಾಡಿದ್ದೀರಿ, ಕೆಲಸ ಮುಗಿದ ಮೇಲೆ ಉಳಿದವುಗಳ ಗತಿಯೇನು ಎಂದು ಆಕೆ ತನ್ನ ಅಧ್ಯಾಪಕರನ್ನು ಕೇಳುವಂತೆ ಸಿದ್ಧಪಡಿಸುವುದು ಕಷ್ಟದ ಉತ್ತರ. 1997ರಲ್ಲಿ ಕೋತಿಗಳ ಪ್ರಯೋಗ ನಿಂತುದರಲ್ಲಿ ಹೊರಗಿನವರು ಬಿಡದೆ ಕೇಳಿದ ಇಂಥ ಪ್ರಶ್ನೆಗಳಿಗೂ ಪಾಲಿತ್ತು. ನೊಣಗಳ ಪರವಾಗಿ ಹಾಗೆ ಕೇಳುವವರು ಯಾವ ದೇಶದಲ್ಲಿಯೂ ವಿರಳ. ಧಾರವಾಡದಿಂದ ಹೊರಡುವ ಪೆಟ್ಟಿಗೆಯಲ್ಲಿ ಎಷ್ಟು ನೊಣಗಳಿದ್ದುವು, ಮರಳಿದಾಗ ಎಷ್ಟು ಬದುಕಿದ್ದುವು, ಆಮೇಲೆ ಅವುಗಳನ್ನು ಏನು ಮಾಡಲಾಯಿತು ಎಂದು ಆ ಊರಿನ ಶ್ರಾವಕರೊಬ್ಬರು ಒಂದು ಕಾಗದ ಬರೆದು ಕೇಳಬಹುದು.